‘ನಾಳೆ ಮ್ಯಾಚ್ ಅದ, ಎಲ್ಲಾರೂ ಬರ್ರಿ’

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದುಕೊಂಡೇ ಬಂದಿದ್ದ ಅಭಿಮಾನಿಗಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ 7 ಗಂಟೆ 1 ನಿಮಿಷಕ್ಕೆ ತಂಡದ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಎಕ್ಸ್ ಖಾತೆಗಳಲ್ಲಿ ಒಂದು ಪೋಸ್ಟ್ ಬಿತ್ತು: ವಿಧಾನಸೌಧದಿಂದ ಚಿನ್ನಸ್ವಾಮಿ ಕ್ರೀಡಾಂಗಣದವರೆಗೆ ವಿಜಯದ ಮೆರವಣಿಗೆ, ಜನರಿಗೆ ಪ್ರವೇಶ ಉಚಿತ. 8 ಗಂಟೆಗೆ ಇನ್ನೊಂದು ಪೋಸ್ಟ್. 8.55ಕ್ಕೆ ವಿರಾಟ್ ಕೊಹ್ಲಿ ಮಾತಾಡಿದ ವಿಡಿಯೊ. ಒಳಗೆ ಹೋಗಲು ಪಾಸ್ ಬೇಕು, ಪಾಸುಗಳೂ ಇಷ್ಟೇ ಇವೆ ಎಂಬ ಮಾತು ಬಂದದ್ದು ಮಧ್ಯಾಹ್ನ 3.14ಕ್ಕೆ.

ಅಷ್ಟೊತ್ತಿಗೆ ಜನ ಮನೆ ಬಿಟ್ಟಾಗಿತ್ತು.

ಈ ವೇಳೆಯ ಲೆಕ್ಕವೆಲ್ಲ ರಾಜ್ಯ ಸರ್ಕಾರ ಹೈಕೋರ್ಟಿಗೆ ಸಲ್ಲಿಸಿದ ವರದಿಯಲ್ಲಿದೆ. ನಾಲ್ಕೂ ಪೋಸ್ಟುಗಳ ವೀಕ್ಷಣೆ ಸೇರಿ 44 ಲಕ್ಷ ದಾಟಿತ್ತು ಎನ್ನುತ್ತದೆ ಆ ವರದಿ. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಆಸುಪಾಸಿನಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಆಗ ದಿನಕ್ಕೆ ಸರಾಸರಿ 6 ಲಕ್ಷ ಮಂದಿ ಹತ್ತುತ್ತಿದ್ದ ಮೆಟ್ರೊವನ್ನು ಅಂದು 9.66 ಲಕ್ಷ ಮಂದಿ ಹತ್ತಿದ್ದರು. ಗೇಟುಗಳ ಬಳಿ ಆದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಇಷ್ಟು ಜನ ಸೇರಲು ಮೇಲ್ನೋಟಕ್ಕೆ ತಂಡವೇ ಕಾರಣ ಎಂದು ಕೇಂದ್ರೀಯ ಆಡಳಿತ ನ್ಯಾಯಮಂಡಳಿ 2025ರ ಜುಲೈ 1ರಂದು ಹೇಳಿತು. ಆ ಮಾತನ್ನು ತಂಡ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ತಪ್ಪು ಯಾರದೆಂದು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಕ್ರಮ ಮಾತ್ರ ಎಲ್ಲರ ಕಣ್ಣ ಮುಂದಿದೆ. ‘ಬನ್ನಿ’ ಎಂಬ ಸಂದೇಶ ಬೆಳಿಗ್ಗೆಯೇ ಊರೂರಿಗೆ ಓಡಿತು, ‘ಹೀಗಿದ್ದರೆ ಮಾತ್ರ ಬನ್ನಿ’ ಎಂಬುದು ಎಂಟು ತಾಸು ತಡವಾಗಿ ಕುಂಟುತ್ತ ಬಂತು.

ಕೋಟಿ ಅಭಿಮಾನಿಗಳ ತಂಡದ ಕಥೆ ಇದಾದರೆ, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಮೇಲಿನ ಹೊರ್ತಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್ ತಂಡಗಳ ವ್ಯವಹಾರವೆಲ್ಲ ಈಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ನಡೆಯುತ್ತದೆ. ಜಾತ್ರೆಯ ಹೊನಲು ಬೆಳಕಿನ ಕಬಡ್ಡಿಗೆ ಹಿಂದೆ ಕರಪತ್ರ ಹಂಚುತ್ತಿದ್ದರು, ಆಟೊಕ್ಕೆ ಮೈಕು ಕಟ್ಟಿ ಸುತ್ತಲ ಹಳ್ಳಿಗಳಿಗೆಲ್ಲ ಸಾರುತ್ತಿದ್ದರು. ಈಗ ಬರುವುದು ಒಂದು ಪೋಸ್ಟರ್. ಅದನ್ನು ಹತ್ತಿರ ಹಿಡಿದು ನೋಡಬೇಕು. ಮೇಲಿನ ಅರ್ಧ ಭಾಗ ಮುಖಂಡರ ಫೋಟೊ, ಅದರ ಕೆಳಗೆ ಬಹುಮಾನ ಕೊಟ್ಟವರ ಹೆಸರು, ನಡುವೆ ರೈಡ್‌ಗೆ ಹೊರಟ ಯಾವುದೋ ಪ್ರೊ ಕಬಡ್ಡಿ ಆಟಗಾರನ ಚಿತ್ರ. ಎಷ್ಟು ಕೆ.ಜಿ. ವಿಭಾಗ, ಪ್ರವೇಶ ಶುಲ್ಕ ಎಷ್ಟು, ತೂಕ ಹಾಕುವುದು ಎಷ್ಟೊತ್ತಿಗೆ, ಮಣ್ಣಿನ ಅಂಕಣವೋ ಮ್ಯಾಟೋ ಎಂಬ, ಆಟಗಾರನಿಗೆ ನಿಜಕ್ಕೂ ಬೇಕಾದ ಮಾತುಗಳು ತಳದಲ್ಲಿ, ಬೆರಳಿನಿಂದ ಹಿಗ್ಗಿಸಿದರೂ ಓದಲು ಬಾರದ ಅಕ್ಷರದಲ್ಲಿ.

ತಂಡದೊಳಗಿನ ಸಂದೇಶದ ಹಣೆಬರಹವೂ ಅಷ್ಟೆ. ‘ನಾಳೆ ಮ್ಯಾಚ್ ಅದ, ಎಲ್ಲಾರೂ ಬರ್ರಿ’ ಎಂದು ರಾತ್ರಿ ಹತ್ತಕ್ಕೆ ಒಂದು ಸಾಲು ಬೀಳುತ್ತದೆ. ‘ಎಷ್ಟಕ್ಕ ಬರೂದ್ರಿ ಸರ್?’ ಎಂದೊಬ್ಬ, ‘ಎಲ್ಲೈತ್ರಿ?’ ಎಂದಿನ್ನೊಬ್ಬ. ಉತ್ತರ ಬರುವ ಮೊದಲೇ ಹೆಬ್ಬೆಟ್ಟಿನ ಇಮೋಜಿ ಹನ್ನೆರಡು, ಯಾರದೋ ಹುಟ್ಟುಹಬ್ಬದ ಕೇಕು, ಬೆಳಗಾದರೆ ಶುಭೋದಯದ ಹೂವು. ಮಳೆ ಬಂದು ಪಂದ್ಯ ಮುಂದಕ್ಕೆ ಹೋಯಿತೆಂಬ ಸುದ್ದಿ ಆ ಹೂವುಗಳ ನಡುವೆ ಎಲ್ಲೋ ಇರುತ್ತದೆ. ಅದನ್ನು ಕಾಣದ ಹುಡುಗ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿ ಇಂಡಿಯ ಮೈದಾನಕ್ಕೆ ಹೋಗಿ ಒಬ್ಬನೇ ನಿಲ್ಲುತ್ತಾನೆ. ಜೊತೆಗೆ ಅಪ್ಪನೂ ಬಂದಿದ್ದರೆ ಅವನ ಒಂದು ದಿನದ ಕೂಲಿ ಹೋಯಿತು. ಇಲ್ಲಿ ಜೀವಕ್ಕೆ ಅಪಾಯವಿಲ್ಲ ನಿಜ, ಆದರೆ ತಪ್ಪು ಚಿನ್ನಸ್ವಾಮಿಯಲ್ಲಿ ಕಂಡದ್ದೇ. ಕರೆದವರು ಬದಲಾದ ಮಾತನ್ನೂ ಮುಟ್ಟಿಸಬೇಕಿತ್ತು. ಪೋಸ್ಟ್ ಹಾಕಿ ಕೈ ತೊಳೆದುಕೊಂಡರು.

ಹಾಗೆಂದು ಗ್ರೂಪುಗಳನ್ನೇ ಬೈದು ಪ್ರಯೋಜನವಿಲ್ಲ. ಒಂದು ಕಾಲಕ್ಕೆ ದುಡಿಯಲು ಪುಣೆಗೋ ಗೋವಾಕ್ಕೋ ಹೋದ ಆಟಗಾರ ಊರಿನ ತಂಡಕ್ಕೆ ಕಳೆದುಹೋದಂತೆಯೇ. ಈಗ ಅವನು ಗ್ರೂಪಿನಲ್ಲಿರುತ್ತಾನೆ, ಜಾತ್ರೆಗೆ ಬರುವ ದಿನ ತಿಳಿಸುತ್ತಾನೆ, ಜರ್ಸಿಗೆಂದು ಫೋನ್‌ಪೇ ಮಾಡುತ್ತಾನೆ. ತರಬೇತಿಗೂ ಇದರಿಂದ ಲಾಭವಿದೆ. ಕಬಡ್ಡಿಯಲ್ಲಿ ಎದುರು ಆರು ಅಥವಾ ಏಳು ಜನ ಇರುವಾಗ ಮಾತ್ರ ಬೋನಸ್ ಅಂಕ. ಅದೂ ಒಂದು ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ‘ನನ್ನ ಕಾಲು ಎದ್ದಿತ್ರಿ’ ಎಂದು ಹುಡುಗ, ‘ಎದ್ದಿಲ್ಲ’ ಎಂದು ಅಂಪೈರ್ ವಾದಿಸುವ ಕಾಲ ಹೋಯಿತು. ದೈಹಿಕ ಶಿಕ್ಷಕರು ಫೋನಿನಲ್ಲಿ ಹಿಡಿದ ಹತ್ತು ಸೆಕೆಂಡಿನ ವಿಡಿಯೊವನ್ನು ರಾತ್ರಿ ಗ್ರೂಪಿಗೆ ಹಾಕಿದರೆ ಹಿಮ್ಮಡಿ ಎಲ್ಲಿತ್ತು ಎಂದು ತಂಡದವರೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಸೈಕ್ಲಿಂಗಿಗೆ ಹೆಸರಾದ ಜಿಲ್ಲೆ ಇದು. ನಸುಕಿನಲ್ಲಿ ಹೆದ್ದಾರಿಗಿಳಿಯುವ ಸವಾರರ ಲೈವ್ ಲೊಕೇಶನ್ ತರಬೇತುದಾರರ ಫೋನಿನಲ್ಲಿದ್ದರೆ ಮನೆಯವರಿಗೂ ಧೈರ್ಯ.

ಗ್ರೂಪಿನ ಪರವಾಗಿ ಇನ್ನೊಂದು ಮಾತು: ಊರಿನ ತಂಡದ ಗ್ರೂಪು ಬಾಳುವಷ್ಟು ಕಾಲ ದೊಡ್ಡ ತಂಡವೂ ಬಾಳದೇ ಇರಬಹುದು. ಬಿಜಾಪುರ ಬುಲ್ಸ್ ಎಂಬ ತಂಡ ಕರ್ನಾಟಕ ಪ್ರೀಮಿಯರ್ ಲೀಗನ್ನು 2015ರಲ್ಲಿ, ಮತ್ತೆ 2018ರಲ್ಲಿ ಗೆದ್ದಿತ್ತು. ಜಿಲ್ಲೆಯ ಹಳೆಯ ಹೆಸರಿದ್ದರೂ ಇಲ್ಲಿನ ಜನ ಅದನ್ನು ಕಂಡದ್ದು ಟಿ.ವಿ.ಯಲ್ಲಿ, ಫೋನಿನಲ್ಲಿ. 2019ರ ಮ್ಯಾಚ್ ಫಿಕ್ಸಿಂಗ್ ಹಗರಣದ ನಂತರ ಆ ಲೀಗು ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಆರು ತಂಡ ಬಂದಾಗ ವಿಜಯಪುರದ ಹೆಸರು ಅದರಲ್ಲಿರಲಿಲ್ಲ.

ಇನ್ನು ಫೋನು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಗಂಡಸರಲ್ಲಿ ಶೇ 57, ಹೆಂಗಸರಲ್ಲಿ ಶೇ 33. ಆಮೇಲೆ ಪರಿಸ್ಥಿತಿ ಸುಧಾರಿಸಿದ್ದರೂ ಹಳ್ಳಿಯ ಪ್ರೌಢಶಾಲೆಯ ಹುಡುಗಿಗೆ ಗ್ರೂಪು ಎಂದರೆ ಅಪ್ಪನ ಫೋನು, ಇಲ್ಲವೇ ಅಣ್ಣನ ಫೋನು. ಅಪ್ಪ ಹೊಲದಲ್ಲಿ, ಅಣ್ಣ ಸೊಲ್ಲಾಪುರದಲ್ಲಿ. ತಾಲ್ಲೂಕು ಮಟ್ಟದ ಆಯ್ಕೆ ನಾಳೆ ಎಂಬ ಸಂದೇಶಕ್ಕೆ ಎರಡು ನೀಲಿ ಗೆರೆ ಬಿದ್ದರೂ ಹುಡುಗಿಯ ಕಿವಿಗೆ ಸುದ್ದಿ ಬಿದ್ದಿರುವುದಿಲ್ಲ. ಹುಡುಗ ಬಾರದಿದ್ದರೆ ‘ಯಾಕೋ ಬರಲಿಲ್ಲ?’ ಎಂದು ಫೋನು ಹೋಗುತ್ತದೆ. ಹುಡುಗಿ ಬಾರದಿದ್ದರೆ ಮನೆಯವರು ಕಳಿಸಲಿಲ್ಲ ಎಂದು ಎಲ್ಲರೂ ತಾವೇ ಅಂದುಕೊಂಡು ಸುಮ್ಮನಾಗುತ್ತಾರೆ.

ಇದೇ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ 15 ರನ್ ಕೊಟ್ಟು 5 ವಿಕೆಟ್ ಕಿತ್ತು, ನ್ಯೂಜಿಲೆಂಡನ್ನು 79ಕ್ಕೆ ಉರುಳಿಸಿ ಭಾರತವನ್ನು ವಿಶ್ವಕಪ್ ಸೆಮಿಫೈನಲ್ಲಿಗೆ ಒಯ್ದರು. ಕಾರು ಕೊಡುತ್ತೇವೆಂದು ಸರ್ಕಾರ ಮುಂದೆ ಬಂದಾಗ ಕಾರು ಬೇಡ, ಮನೆಯವರಿಗೆ ಒಂದು ಸೂರು ಬೇಕು ಎಂದವರು ಅವರು. ಅಂಥ ಇನ್ನೊಬ್ಬ ಹುಡುಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಇದ್ದಾಳೆ ಎಂದುಕೊಳ್ಳುವುದಾದರೆ ಆಕೆಯ ಆಯ್ಕೆಯ ಸುದ್ದಿ ಅಣ್ಣನ ಫೋನಿನ ಚಾರ್ಜು ಮುಗಿದದ್ದಕ್ಕೆ ತಪ್ಪಿಹೋಗಬಾರದು.

ಗ್ರೂಪಿನ ಗದ್ದಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಗ್ರೂಪಿನ ಹೊರಗೆ, ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶದ ಬಗ್ಗೆ. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಮೇಲೆ 2019ರ ಅಕ್ಟೋಬರ್‌ನಲ್ಲಿ ಐಸಿಸಿ ಎರಡು ವರ್ಷದ ನಿಷೇಧ ಹೇರಿತು. ಅದರಲ್ಲಿ ಒಂದು ವರ್ಷದ ಶಿಕ್ಷೆಯನ್ನು ತಡೆಹಿಡಿಯಿತು. ಅವರು ಹಣ ತಿಂದು ಆಡಿದರು ಎಂದಲ್ಲ. ಬುಕ್ಕಿಯೊಬ್ಬ ವಾಟ್ಸ್‌ಆ್ಯಪಿನಲ್ಲಿ ತಂಡದ ಒಳಗಿನ ಸುದ್ದಿ ಕೇಳಿದ್ದ, ಅದನ್ನು ಅಧಿಕಾರಿಗಳಿಗೆ ತಿಳಿಸಲಿಲ್ಲ ಎಂಬುದಕ್ಕೆ. ಅಂತರರಾಷ್ಟ್ರೀಯ ಪಂದ್ಯದ ವೇಳೆ ಆಟಗಾರರು ಫೋನು ಒಪ್ಪಿಸಿಯೇ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕೆಂಬ ನಿಯಮವಿರುವುದೂ ಇದಕ್ಕೇ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ನೂರಾರು ಹುಡುಗಿಯರ ಮೇಲೆ ನಡೆಸಿದ ದೌರ್ಜನ್ಯ ಬಯಲಾದ ಮೇಲೆ 2018ರಲ್ಲಿ ಅಲ್ಲಿ ಕಾನೂನು ಬಂತು. ಅದರ ಬೆನ್ನಿಗೆ ಬಂದ ನಿಯಮಗಳಲ್ಲಿ ಒಂದು ಸರಳವಾಗಿದೆ: ತರಬೇತುದಾರ ಅಪ್ರಾಪ್ತ ಆಟಗಾರರಿಗೆ ಗುಟ್ಟಾಗಿ ಸಂದೇಶ ಕಳಿಸುವಂತಿಲ್ಲ, ತಂದೆತಾಯಿಯೋ ಇನ್ನೊಬ್ಬ ಹಿರಿಯರೋ ಅದರಲ್ಲಿ ಇರಲೇಬೇಕು. ನಮ್ಮಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರು ಮತ್ತು ಮಕ್ಕಳಿಗಾಗಿ ಸುರಕ್ಷಿತ ಕ್ರೀಡಾ ನೀತಿಯ ಮಾತಾಡುತ್ತದೆ. ಆದರೆ ಅದು ನೋಡುವುದು ದೆಹಲಿಯ ಫೆಡರೇಶನ್ನುಗಳ ಕಡೆಗೆ. ಹೊರ್ತಿಯ ಮೈದಾನದ ಮಗುವಿಗೆ ಅದು ಯಾವಾಗ ತಲುಪೀತೋ ಎಂದು ಕಾಯುತ್ತ ಕೂರಬೇಕಾಗಿಲ್ಲ. ಗುಟ್ಟಾಗಿ ಸಂದೇಶ ಕಳಿಸುವಂತಿಲ್ಲ ಎಂಬ ನಿಯಮದಿಂದ ಶಿಕ್ಷಕರನ್ನು ಅನುಮಾನಿಸಿದಂತಾಗುತ್ತದೆ ಎನ್ನುವವರಿದ್ದಾರೆ. ಒಳ್ಳೆಯ ಶಿಕ್ಷಕರಿಗೂ ಇದರಿಂದ ರಕ್ಷಣೆಯೇ ಸಿಗುತ್ತದೆ: ತಾಯಿಯ ಕಣ್ಣೆದುರು ಕಳಿಸಿದ ಸಂದೇಶದ ಮೇಲೆ ನಾಳೆ ಯಾರೂ ಗೂಬೆ ಕೂರಿಸಲಾರರು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ತಂಡಕ್ಕೆ ಎರಡು ಗ್ರೂಪು ಇರಲಿ. ಒಂದು ಹರಟೆಗೆ, ಅಲ್ಲಿ ಕೇಕೂ ಬರಲಿ ಹೂವೂ ಬರಲಿ. ಇನ್ನೊಂದು ಸೂಚನೆಗೆ ಮಾತ್ರ, ಅದರಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯಲಾಗದಂತೆ ಸೆಟ್ಟಿಂಗ್ ಇರಲಿ. ಈ ಸೌಲಭ್ಯ 2018ರಿಂದಲೇ ವಾಟ್ಸ್‌ಆ್ಯಪಿನಲ್ಲಿದೆ. ಸೂಚನೆಯಲ್ಲಿ ದಿನ, ವೇಳೆ, ಜಾಗ, ತರಬೇಕಾದ ವಸ್ತು, ಫೋನು ಮಾಡಬೇಕಾದ ಒಂದು ನಂಬರು, ಈ ಐದು ಮಾತು ಇರಲೇಬೇಕು. ಅವು ಪೋಸ್ಟರಿನ ಮೂಲೆಯಲ್ಲಿ ಅಡಗದೆ ಕನ್ನಡದ ನಾಲ್ಕು ಸಾಲಿನಲ್ಲಿ ಬರಲಿ. ಹದಿನೆಂಟು ತುಂಬದ ಆಟಗಾರರ ಪೋಷಕರು ಇದೇ ಗ್ರೂಪಿನಲ್ಲಿರಲಿ, ಜೊತೆಗೆ ಇನ್ನೊಬ್ಬ ಶಿಕ್ಷಕಿ ಅಥವಾ ಶಿಕ್ಷಕರು ಇರಲಿ. ಪಂದ್ಯ ಬದಲಾದರೆ ಸಂದೇಶದ ಜೊತೆಗೆ ಪ್ರತಿ ಮನೆಗೂ ಕರೆ ಹೋಗಲಿ. ಹನ್ನೆರಡು ಆಟಗಾರರಿಗೆ ಕರೆ ಮಾಡಲು ಅರ್ಧ ತಾಸೂ ಬೇಡ. ಆಯ್ಕೆಯ ಸುದ್ದಿಯನ್ನಂತೂ ಶಾಲೆಯ ಪ್ರಾರ್ಥನೆಯ ವೇಳೆ ಬಾಯಿಂದ ಹೇಳಬೇಕು, ನೋಟಿಸ್ ಬೋರ್ಡಿನ ಮೇಲೂ ಬರೆಯಬೇಕು.

ತಂಡದಿಂದ ಕೈಬಿಡುವ ಕೆಲಸವನ್ನು ಮಾತ್ರ ಫೋನಿಗೆ ಬಿಡಬಾರದು. ಹನ್ನೆರಡು ಹೆಸರಿನ ಪಟ್ಟಿಯ ಫೋಟೊ ರಾತ್ರಿ ಗ್ರೂಪಿಗೆ ಬೀಳುತ್ತದೆ. ತನ್ನ ಹೆಸರಿಲ್ಲವೆಂದು ಹದಿನೈದು ವರ್ಷದ ಹುಡುಗನಿಗೆ ಗೊತ್ತಾಗುವುದು ಗೆಳೆಯರು ಚಪ್ಪಾಳೆಯ ಇಮೋಜಿ ಹಾಕುವಾಗ. ಇನ್ನು ಕೆಲವು ಕಡೆ ಏನೂ ಹೇಳದೆ ಗ್ರೂಪಿನಿಂದಲೇ ತೆಗೆದುಹಾಕುವುದುಂಟು. ವರ್ಷವಿಡೀ ನಸುಕಿನಲ್ಲೆದ್ದು ಮೈದಾನಕ್ಕೆ ಬಂದ ಹುಡುಗನನ್ನು ಪಕ್ಕಕ್ಕೆ ಕರೆದು, ಯಾಕೆ ಬಿಟ್ಟೆವು, ಮುಂದಿನ ಸಲಕ್ಕೆ ಏನು ಸುಧಾರಿಸಬೇಕು ಎಂದು ಹೇಳಲು ಐದು ನಿಮಿಷ ಸಾಕು.

ಶಾಲಾ ಕ್ರೀಡಾಕೂಟಗಳು ವಲಯದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಪ್ರತಿ ಮೆಟ್ಟಿಲಿನ ಆದೇಶವೂ ಈಗಾಗಲೇ ಫೋನಿನಿಂದ ಫೋನಿಗೆ ಬರುತ್ತಿದೆ. ಹಾಗಿದ್ದ ಮೇಲೆ ಆ ಫೋನನ್ನು ಬಳಸುವ ರೀತಿಯೂ ಆದೇಶದಲ್ಲಿ ಸೇರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ವಲಯ ಮಟ್ಟದ ಪಂದ್ಯಗಳು ಶುರುವಾಗುವ ಮುನ್ನ ಒಂದು ಪುಟದ ಸುತ್ತೋಲೆ ಹೊರಡಿಸಿ, ದೈಹಿಕ ಶಿಕ್ಷಕರ ಸಭೆಯಲ್ಲಿ ಓದಿ ಹೇಳಿ, ಪೋಷಕರ ಸಹಿಯ ಜೊತೆ ಮನೆಯಲ್ಲಿ ಯಾವ ನಂಬರಿಗೆ ಕರೆ ಮಾಡಿದರೆ ಮಗುವಿಗೆ ಸುದ್ದಿ ಮುಟ್ಟುತ್ತದೆ ಎಂದು ಬರೆಸಿಕೊಳ್ಳಲಿ. ಇದಕ್ಕೆ ಹೊಸ ಆ್ಯಪೂ ಬೇಡ, ಅನುದಾನವೂ ಬೇಡ. ಊರಿನ ಯುವಕ ಸಂಘಗಳು ಜಾತ್ರೆಯ ಪಂದ್ಯಾವಳಿಗೆ ಅದೇ ಪುಟವನ್ನು ಬಳಸಿಕೊಳ್ಳಬಹುದು. ಪೋಸ್ಟರಿನಲ್ಲಿ ಮುಖಂಡರ ಫೋಟೊ ಒಂದಿಷ್ಟು ಸಣ್ಣದಾಗಿ ತೂಕದ ವೇಳೆ ದೊಡ್ಡದಾದರೆ ದೂರದಿಂದ ಬರುವ ತಂಡಗಳಿಗೆ ಅಷ್ಟೇ ಉಪಕಾರ.