ಹೊಸಬರ ಕ್ಯಾಮರಾ: ಗುಣವೆಷ್ಟು, ದೋಷವೆಷ್ಟು?

ಕ್ಯಾಮರಾ ಕೊಳ್ಳಹೊರಟ ವಿದ್ಯಾರ್ಥಿಯು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದು. ಇದು ಎತ್ತಿನ ಯೋಗ್ಯತೆಯನ್ನು ಅದರ ಕೊಂಬಿನ ಉದ್ದದಿಂದ ಅಳೆದಂತೆ. ಹಾಲು, ಟೊಮೇಟೊ, ರೇಷ್ಮೆಗೂಡುಗಳ ಹುಟ್ಟುವಳಿಯಿಂದ ಸಂಸಾರ ಸಾಗಿಸುವ ಕೋಲಾರ ಸೀಮೆಯ ಮನೆಗಳಿಗೆ ಕ್ಯಾಮರಾದ ಬೆಲೆಯು ಸಣ್ಣ ಮೊತ್ತವಲ್ಲ. ಆದುದರಿಂದ ಅದರ ಗುಣದೋಷಗಳನ್ನು ಭೌತವಿಜ್ಞಾನದ ತಕ್ಕಡಿಯಲ್ಲಿ ತೂಗಿ ನೋಡುವುದು ಅವಶ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೊರತೆಯಿಲ್ಲದ ಕ್ಯಾಮರಾ ಎಂಬುದಿಲ್ಲ. ಅರಿವಿನಿಂದ ನೀಗುವ ಕೊರತೆ ಯಾವುದು, ಹಣದಿಂದ ಮಾತ್ರ ನೀಗುವ ಕೊರತೆ ಯಾವುದು ಎಂದು ಬೇರ್ಪಡಿಸುವುದೇ ನಿಜವಾದ ಪರೀಕ್ಷೆ.

ಹೊಸಬರಿಗೆಂದೇ ರೂಪಿಸಿದ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾಗಳಲ್ಲಿ 2018ರಲ್ಲಿ ಹೊರಬಂದ ನಿಕಾನ್ ಡಿ3500 ಒಂದು ಒಳ್ಳೆಯ ಮಾದರಿ. 2022ರ ವೇಳೆಗೆ ಅದರ ತಯಾರಿಕೆ ನಿಂತಿತು. ಈಗ ಅದು ಹೆಚ್ಚಾಗಿ ಕೈಬದಲಾದ ಸರಕಾಗಿ ದೊರೆಯುವುದು. ಈ ಬಗೆಯ ಕ್ಯಾಮರಾದ ಒಳಗೆ ಲೆನ್ಸಿನ ಹಿಂದೆ 45 ಅಂಶ ಓರೆಯಾಗಿ ಒಂದು ಕನ್ನಡಿಯುಂಟು. ಲೆನ್ಸು ಒಳಬಿಟ್ಟ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನೋಟದ ಕಿಂಡಿಗೆ ಕಳುಹಿಸುವುದು. ಗುಂಡಿಯೊತ್ತಿದೊಡನೆ ಕನ್ನಡಿ ಮೇಲೇಳುವುದು, ಷಟರು ತೆರೆಯುವುದು, ಬೆಳಕು ಸೆನ್ಸರಿನ ಮೇಲೆ ಬೀಳುವುದು. ಕಿಂಡಿಯಲ್ಲಿ ಕಾಣುವುದು ಪರದೆಯ ಚಿತ್ರವಲ್ಲ, ಸಾಕ್ಷಾತ್ ಬೆಳಕೇ. ಅದನ್ನು ತೋರಿಸಲು ವಿದ್ಯುತ್ತು ವ್ಯಯವಾಗದ ಕಾರಣ, ಪ್ರಮಾಣೀಕೃತ ಪರೀಕ್ಷೆಯಂತೆ ಒಮ್ಮೆ ತುಂಬಿದ ಬ್ಯಾಟರಿಯಿಂದ ಸುಮಾರು 1550 ಚಿತ್ರಗಳನ್ನು ತೆಗೆಯಬಹುದು.

ಎರಡನೆಯ ಗುಣ ಸೆನ್ಸರಿನ ವಿಸ್ತಾರ. ಅದು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ಎಂದರೆ ಸುಮಾರು 366 ಚದರ ಮಿಲಿಮೀಟರ್. ಅನೇಕ ಮೊಬೈಲ್ ಫೋನುಗಳ ಸೆನ್ಸರು 50 ಚದರ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಂಗಳ ದೊಡ್ಡದಾದಷ್ಟೂ ಹೆಚ್ಚು ಮಳೆನೀರು ಬೀಳುವಂತೆ, ಸೆನ್ಸರು ದೊಡ್ಡದಾದಷ್ಟೂ ಹೆಚ್ಚು ಫೋಟಾನುಗಳು ಬೀಳುವುವು. 100 ಫೋಟಾನುಗಳ ಎಣಿಕೆಯಲ್ಲಿ ಸಹಜವಾದ ಏರಿಳಿತ ಸುಮಾರು 10, ಎಂದರೆ ನೂರಕ್ಕೆ ಹತ್ತು. 10,000 ಫೋಟಾನುಗಳಲ್ಲಿ ಅದು 100, ಎಂದರೆ ನೂರಕ್ಕೆ ಒಂದು ಮಾತ್ರ. ಮಬ್ಬು ಬೆಳಕಿನ ಚಿತ್ರಗಳಲ್ಲಿ ಕಾಣುವ ಕಾಳುಕಾಳಾದ ಕಲೆಗಳಿಗೆ ಈ ಏರಿಳಿತವೇ ಒಂದು ಮುಖ್ಯ ಕಾರಣ. ಫೋನು ಹಲವು ಚಿತ್ರಗಳನ್ನು ಕೂಡಿಸಿ ಲೆಕ್ಕಾಚಾರದಿಂದ ಇದನ್ನು ಬಹುಮಟ್ಟಿಗೆ ಮರೆಸುತ್ತದೆಂಬುದೂ ನಿಜ. ಹಗಲಿನಲ್ಲಿ ತೆಗೆದು ಸಣ್ಣ ಪರದೆಯಲ್ಲಿ ನೋಡುವ ಚಿತ್ರಕ್ಕೆ ಫೋನೇ ಸಾಕು.

ಇನ್ನು ದೋಷಗಳ ವಿಚಾರ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವು ಇದಕ್ಕೆ ತಕ್ಕ ಪರೀಕ್ಷಾಸ್ಥಳ: ಅಲ್ಲಿ ಬಂಡೆಗಳ ಬೆಟ್ಟವೂ ಉಂಟು, ಊರ ಹೆಸರಿನ ‘ಸಮುದ್ರ’ವೇ ಸೂಚಿಸುವಂತೆ ಕೆರೆಯೂ ಉಂಟು. ಮೊದಲು ಬೆಟ್ಟಕ್ಕೆ ಬನ್ನಿ. ಕಾಲ ಬಳಿಯ ಬಂಡೆಯೂ ದೂರದ ದಿಗಂತವೂ ಒಟ್ಟಿಗೆ ಸ್ಪಷ್ಟವಾಗಲೆಂದು ಹೊಸಬನು ಅಪರ್ಚರನ್ನು ಎಫ್/22ಕ್ಕೆ ಕಿರಿದುಗೊಳಿಸುವನು, ಚಿತ್ರವೆಲ್ಲ ಮಸುಕಾಗುವುದು. ದೋಷ ಲೆನ್ಸಿನದಲ್ಲ, ಬೆಳಕಿನ ಸ್ವಭಾವದ್ದು. ವಿವರ್ತನೆಯ ದೆಸೆಯಿಂದ ಒಂದು ಬಿಂದುವಿನ ಬಿಂಬವು ಆಗ ಸುಮಾರು 30 ಮೈಕ್ರಾನ್ ವ್ಯಾಸದ ಬಿಲ್ಲೆಯಾಗುವುದು. ಈ ಕ್ಯಾಮರಾದ ಒಂದೊಂದು ಪಿಕ್ಸೆಲ್ಲಿನ ಅಗಲವೋ ಸುಮಾರು 3.9 ಮೈಕ್ರಾನ್. ಏಳು ಪಿಕ್ಸೆಲ್ಲುಗಳಿಗೂ ಮೀರಿ ಬಿಂಬ ಹರಡಿದ ಮೇಲೆ 24 ಮೆಗಾಪಿಕ್ಸೆಲ್ ಇದ್ದು ಫಲವೇನು? ಎಫ್/8ರಲ್ಲಿ ಅದೇ ಬಿಲ್ಲೆ ಸುಮಾರು 11 ಮೈಕ್ರಾನ್ ಮಾತ್ರ. ಹಾಗೆಯೇ ಬಂಡೆಯ ನೆರಳು ಕಪ್ಪಾಗಿ, ಆಕಾಶ ಬಿಳುಪಾಗಿ ಹೋದರೆ ‘ರಾ’ ಕಡತವಾಗಿ ಚಿತ್ರ ತೆಗೆಯಬೇಕು: ಜೆಪೆಗ್ ಕಡತವು ಪ್ರತಿಯೊಂದು ವರ್ಣಕ್ಕೆ 256 ಹಂತಗಳನ್ನು ಇರಿಸಿಕೊಂಡರೆ, ‘ರಾ’ ಕಡತವು 4096 ಹಂತಗಳನ್ನು ಇರಿಸಿಕೊಳ್ಳುವುದು. ಇವೆರಡೂ ಅರಿವಿನಿಂದ ನೀಗುವ ಕೊರತೆಗಳು.

ಈಗ ಕೆರೆಯ ದಡಕ್ಕೆ ಬನ್ನಿ. 60 ಸೆಂಟಿಮೀಟರ್ ಎತ್ತರದ ಬೆಳ್ಳಕ್ಕಿಯೊಂದು 60 ಮೀಟರ್ ದೂರದಲ್ಲಿ ನಿಂತಿದೆಯೆಂದು ಭಾವಿಸೋಣ. ಕ್ಯಾಮರಾದೊಡನೆ ಬರುವ 18–55 ಮಿಲಿಮೀಟರ್ ಲೆನ್ಸಿನಿಂದ ಅದರ ಬಿಂಬ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. 4000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಹಕ್ಕಿಗೆ ದಕ್ಕುವುದು ಸುಮಾರು 140 ಪಿಕ್ಸೆಲ್. ಎಷ್ಟು ಅರಿವಿದ್ದರೂ ಇದು ಬೆಳೆಯದು. 300 ಮಿಲಿಮೀಟರಿನ ಲೆನ್ಸೇ ಬೇಕು. ಸಂಜೆಗತ್ತಲಿನಲ್ಲಿ ಈ 18–55 ಲೆನ್ಸನ್ನು 55 ಮಿಲಿಮೀಟರಿಗೆ ಚಾಚಿದಾಗ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚಾಗಿ ತೆರೆಯದು, ಎಫ್/1.8ರ ಲೆನ್ಸು ಅದಕ್ಕಿಂತ ಸುಮಾರು ಹತ್ತುಪಟ್ಟು ಬೆಳಕನ್ನು ಬಿಡುವುದು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಕಾಲದ ಲೆನ್ಸನ್ನು ಕೊಂಡರೆ ಮತ್ತೊಂದು ತೊಡಕು: ಕ್ಯಾಮರಾದ ಒಡಲಿನಲ್ಲಿ ಫೋಕಸ್ ಮೋಟಾರು ಇಲ್ಲದ ಕಾರಣ, ತನ್ನದೇ ಮೋಟಾರಿಲ್ಲದ ಲೆನ್ಸನ್ನು ಕೈಯಿಂದಲೇ ತಿರುಗಿಸಬೇಕು. ಸ್ವಯಂಚಾಲಿತ ಫೋಕಸಿನ ಬಿಂದುಗಳು 11 ಮಾತ್ರ. ಹಾರುವ ಹಕ್ಕಿಗೆ ಇವು ಸಾಲವು. ಇವೆಲ್ಲ ಹಣದಿಂದ ಮಾತ್ರ ನೀಗುವ ಕೊರತೆಗಳು. ಕ್ಯಾಮರಾದ ಬೆಲೆಯೆಂದರೆ ಅಂಗಡಿಯವನು ಹೇಳಿದ ಬೆಲೆಯಲ್ಲ, ಮುಂದೆ ಕೊಳ್ಳಬೇಕಾಗುವ ಲೆನ್ಸಿನ ಬೆಲೆಯೂ ಸೇರಿದ ಮೊತ್ತ ಎಂಬುದನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸುವುದು ವಿದ್ಯಾರ್ಥಿಯ ಧರ್ಮ.

ಸಣ್ಣಪುಟ್ಟ ದೋಷಗಳೂ ಉಂಟು. ನೋಟದ ಕಿಂಡಿಯು ದೃಶ್ಯದ ಅಗಲ ಎತ್ತರಗಳ 95 ಭಾಗವನ್ನಷ್ಟೇ ತೋರಿಸುವುದರಿಂದ ಕಾಣದ ರೆಂಬೆಯೊಂದು ಚಿತ್ರದ ಅಂಚಿನಲ್ಲಿ ನುಸುಳಬಹುದು. ಪ್ರತ್ಯೇಕ ಮೈಕನ್ನು ಜೋಡಿಸುವ ಕಿಂಡಿಯಿಲ್ಲ. ಸೆನ್ಸರಿನ ದೂಳನ್ನು ತಾನೇ ಕೊಡವಿಕೊಳ್ಳುವ ಏರ್ಪಾಡೂ ಇಲ್ಲ. ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಲೆನ್ಸನ್ನು ಬದಲಿಸುವಾಗ ಎಚ್ಚರ ಬೇಕು. ಹಳೆಯ ಕ್ಯಾಮರಾವನ್ನು ಕೊಳ್ಳುವವರು ಎಫ್/16ರಲ್ಲಿ ಬರಿಯ ಆಕಾಶದ ಚಿತ್ರವೊಂದನ್ನು ತೆಗೆದು ನೋಡಲಿ. ದೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುವುದು. ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ ಎಂದು ದೀಪಕ್ಕೆ ಹಿಡಿದು ಪರೀಕ್ಷಿಸಲಿ.

ಹಾಗಾದರೆ ತೀರ್ಪೇನು? ಮದುವೆಯ ಚಿತ್ರ ತೆಗೆದು ಕೂಡಲೇ ಸಂಪಾದಿಸುವೆನೆಂದು ಬಡ್ಡಿಗೆ ಸಾಲ ತಂದು ಇದನ್ನು ಕೊಳ್ಳುವುದು ಅವಿವೇಕ. ಹಕ್ಕಿಗಳ ಮೋಹವುಳ್ಳವರಿಗೆ ಜೊತೆಯ ಲೆನ್ಸೊಂದೇ ಸಾಲದು. ಆದರೆ ಬೆಳಕನ್ನು ಅರಿಯಬಯಸುವವರಿಗೆ ಇದಕ್ಕಿಂತ ಮೇಲಾದ ಗುರು ಕಡಮೆ. 1/250 ಸೆಕೆಂಡಿನಲ್ಲಿ ಎಫ್/5.6ರಿಂದ ಬರುವಷ್ಟೇ ಬೆಳಕು 1/125 ಸೆಕೆಂಡಿನಲ್ಲಿ ಎಫ್/8ರಿಂದ ಬರುವುದೆಂಬುದನ್ನು ಕರಿಹಲಗೆಯ ಮೇಲೆ ನೂರು ಸಲ ಬರೆದರೂ ಮನಸ್ಸಿಗೆ ಹತ್ತದು. ಎರಡು ಚಿತ್ರಗಳನ್ನು ತೆಗೆದು ಅಕ್ಕಪಕ್ಕದಲ್ಲಿಟ್ಟರೆ ಒಮ್ಮೆಗೇ ಹತ್ತುವುದು. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದನ್ನು ಕೊಳ್ಳಬೇಕಾಗಿಲ್ಲ. ಗ್ಯಾಲ್ವನೋಮೀಟರನ್ನು ಯಾರು ಮನೆಗೆ ಕೊಳ್ಳುವರು? ಕಾಲೇಜಿನ ವಿಜ್ಞಾನ ಸಂಘವೇ ಇಂಥದೊಂದನ್ನು ಕೊಂಡು, ಸರದಿಯಂತೆ ಎಲ್ಲರ ಕೈಗೂ ಕೊಟ್ಟರೆ, ತಂದೆತಾಯಿಗಳ ಹಣವೂ ಉಳಿಯುವುದು, ಕಲಿಕೆಯೂ ನಡೆಯುವುದು.