ಅಂಕಿಗಳನ್ನು ಮೊದಲು ಮೇಜಿನ ಮೇಲಿಡಿ

2025ರ ಮೇ ತಿಂಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಫ್ರಾನ್ಸೆಸ್ಕಾ ಜಿನೊ ಅವರ ಕಾಯಂ ಹುದ್ದೆಯನ್ನು ರದ್ದು ಮಾಡಿತು. ಅಲ್ಲಿ ಹಲವು ದಶಕಗಳಿಂದ ಇಂಥದ್ದು ನಡೆದಿರಲಿಲ್ಲ. ಅವರು ಹೆಸರು ಮಾಡಿದ್ದು ಪ್ರಾಮಾಣಿಕತೆ ಕುರಿತ ಸಂಶೋಧನೆಯಿಂದ. ಅವರಿಂದ ಸಂಶೋಧನಾ ಅಕ್ರಮ ನಡೆದಿದೆ ಎಂದು ಹಾರ್ವರ್ಡ್‌ನ ತನಿಖೆ ತೀರ್ಮಾನಿಸಿತ್ತು. ಅವರು ಅದನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ. ಚರ್ಚೆಯೆಲ್ಲ ಈಗ ಅವರೊಬ್ಬರ ಸುತ್ತ ಗಿರಕಿ ಹೊಡೆಯುತ್ತಿದೆ. ಅವರಿಗೆ ವೇದಿಕೆ ಕೊಟ್ಟ ವ್ಯವಸ್ಥೆಯನ್ನು ಯಾರೂ ಕಟಕಟೆಗೆ ಕರೆಯುತ್ತಿಲ್ಲ.

ಪ್ರಕರಣದ ಬೇರು 2012ರ ಒಂದು ಲೇಖನದಲ್ಲಿದೆ. ಅರ್ಜಿಯ ಕೊನೆಯ ಬದಲು ಮೇಲ್ಗಡೆಯೇ ಸಹಿ ಹಾಕಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆಯಾಗುತ್ತದೆ ಎಂಬುದು ಅದರ ವಾದ. ಜಿನೊ ಸೇರಿ ಐವರು ಲೇಖಕರು, ಮೂರು ಪ್ರಯೋಗಗಳು, ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಣೆ. ಒಂದು ಪ್ರಯೋಗದಲ್ಲಿ ಕಾರು ವಿಮೆಯ 13,000ಕ್ಕೂ ಹೆಚ್ಚು ಪಾಲಿಸಿಗಳ ಲೆಕ್ಕವಿತ್ತು. ಒಬಾಮ ಆಡಳಿತ ಸರಕಾರಿ ಗುತ್ತಿಗೆದಾರರ ಫಾರ್ಮಿನಲ್ಲಿ ಸಹಿಯನ್ನು ಮೇಲಕ್ಕೆ ತಂದು, ಒಂದೇ ತ್ರೈಮಾಸಿಕದಲ್ಲಿ 15.9 ಲಕ್ಷ ಡಾಲರ್ ಹೆಚ್ಚುವರಿ ಶುಲ್ಕ ಬಂತೆಂದು ವರದಿಯನ್ನೂ ಕೊಟ್ಟಿತು.

2020ರಲ್ಲಿ ಅದೇ ಲೇಖಕರು ಇನ್ನಿಬ್ಬರ ಜೊತೆ ಸೇರಿ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಪರಿಣಾಮ ಕಾಣಲಿಲ್ಲ. ಆಗ ಹಳೆಯ ವಿಮೆ ಪ್ರಯೋಗದ ದತ್ತಾಂಶವನ್ನು ಎಲ್ಲರಿಗೂ ಸಿಗುವಂತೆ ಬಿಡುಗಡೆ ಮಾಡಿದರು. ಎಂಟು ವರ್ಷ ಗಟ್ಟಿಯಾಗಿ ನಿಂತಿದ್ದ ಲೇಖನ ಅಲ್ಲಿಂದ ಒಂದೂವರೆ ವರ್ಷದೊಳಗೆ ಕುಸಿಯಿತು. ಡೇಟಾ ಕೊಲಾಡ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಯೂರಿ ಸೈಮನ್‌ಸನ್, ಜೋ ಸಿಮನ್ಸ್ ಮತ್ತು ಲೀಫ್ ನೆಲ್ಸನ್ 2021ರ ಆಗಸ್ಟ್‌ನಲ್ಲಿ ತೋರಿಸಿದ್ದು ಇದು: ಕಾರುಗಳು ಓಡಿದ ದೂರ ಸೊನ್ನೆಯಿಂದ 50,000 ಮೈಲಿವರೆಗೆ ಒಂದೇ ಸಮನೆ ಹರಡಿಕೊಂಡಿತ್ತು, ಅದರಾಚೆ ಒಂದು ಕಾರೂ ಇರಲಿಲ್ಲ. ನಿಜವಾದ ರಸ್ತೆಯಲ್ಲಿ ಹಾಗಾಗುವುದುಂಟೇ? ಸಾಲದ್ದಕ್ಕೆ ಒಂದೇ ಕಾಲಂನ ಅಂಕಿಗಳು ಎರಡು ಬೇರೆ ಬೇರೆ ಫಾಂಟ್‌ಗಳಲ್ಲಿದ್ದವು. ಈ ದತ್ತಾಂಶ ಬಂದದ್ದು ಸಹಲೇಖಕ ಡ್ಯಾನ್ ಏರಿಯಲಿ ಮೂಲಕ. ತಾವು ಅದನ್ನು ತಿರುಚಿಲ್ಲ ಎಂಬುದು ಅವರ ಮಾತು. 2023ರ ಜೂನ್‌ನಲ್ಲಿ ಅದೇ ಲೇಖನದ ಇನ್ನೊಂದು ಪ್ರಯೋಗ, ಜಿನೊ ಅವರದ್ದು, ಪರೀಕ್ಷೆಗೆ ಬಂತು. ಎಕ್ಸೆಲ್ ಕಡತದ ಒಳಗೆ ಉಳಿದಿದ್ದ ಲೆಕ್ಕದ ಸರಣಿ, ಕೆಲವು ಸಾಲುಗಳನ್ನು ಕಿತ್ತು ಬೇರೆಡೆ ಇಟ್ಟದ್ದನ್ನು ಸೂಚಿಸುತ್ತಿತ್ತು.

ಇದಕ್ಕೆ ಮಹಾಪ್ರತಿಭೆ ಬೇಕಿರಲಿಲ್ಲ. ಕಡತ ಕೈಗೆ ಸಿಗಬೇಕಿತ್ತು, ಅಷ್ಟೆ.

ಬಿಸಿನೆಸ್ ಸ್ಕೂಲುಗಳ ಸೆಮಿನಾರ್ ಸಂಸ್ಕೃತಿ ತಪ್ಪಿರುವುದು ಇಲ್ಲಿಯೇ. ಅತಿಥಿ ಪ್ರಾಧ್ಯಾಪಕರು ಬರುತ್ತಾರೆ, ಒಂದೂವರೆ ಗಂಟೆ ಸ್ಲೈಡುಗಳು ಸರಿಯುತ್ತವೆ. ಸಿದ್ಧಾಂತವನ್ನು ಹರಿದು ಹಂಚುವಂಥ ಪ್ರಶ್ನೆಗಳೂ ಬರುತ್ತವೆ. ಆದರೆ ಮೂಲ ಕಡತ ಕೊಡಿ ಎನ್ನುವುದು ಅಲ್ಲಿ ಪ್ರಶ್ನೆಯಲ್ಲ, ಅವಮಾನ. ಹಿರಿಯರು ಅದನ್ನು ಕೇಳುವುದಿಲ್ಲ, ಕಿರಿಯರಿಗೆ ಕೇಳುವ ಧೈರ್ಯವಿಲ್ಲ. ಜೊಯಿ ಜಿಯಾನಿ ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದಾಗ ಜಿನೊ ಅವರ 2014ರ ಲೇಖನವೊಂದನ್ನು ಪ್ರಬಂಧದಲ್ಲಿ ಟೀಕಿಸಿದರು. ಆ ಟೀಕೆ ತೆಗೆಯಬೇಕೆಂದು ಪರೀಕ್ಷಾ ಸಮಿತಿಯ ಸದಸ್ಯರೇ ಒತ್ತಾಯಿಸಿದರೆಂದು ಆಮೇಲೆ ಅವರೇ ಬಹಿರಂಗವಾಗಿ ಬರೆದರು. ಅನುಮಾನ ಸರಿಯೋ ತಪ್ಪೋ ಪರೀಕ್ಷಿಸುವ ಮೊದಲೇ ಅದನ್ನು ಅಳಿಸು ಅನ್ನುವವರು ಗೈಡ್ ಆಗಲು ಯೋಗ್ಯರಲ್ಲ.

ಪ್ರಶ್ನೆ ಎತ್ತಿದ ಡೇಟಾ ಕೊಲಾಡದ ಮೂವರ ಮೇಲೂ ಹಾರ್ವರ್ಡ್ ಮೇಲೂ ಜಿನೊ 2023ರ ಆಗಸ್ಟ್‌ನಲ್ಲಿ 2.5 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ಮಾನನಷ್ಟದ ಆರೋಪಗಳನ್ನು ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಅಷ್ಟರೊಳಗೆ ಆ ಮೂವರ ವಕೀಲರ ಖರ್ಚಿಗೆ ಸಹೋದ್ಯೋಗಿಗಳು ಚಂದಾ ಎತ್ತಬೇಕಾಯಿತು.

ಮೂಲ ಕಡತ ಕೊಡಿ ಎಂದರೆ, ಕಂಪನಿಗಳ ದತ್ತಾಂಶ ಗೋಪ್ಯ, ಬಯಲಿಗಿಡಲಾಗದು ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿದೆ. ಆದರೆ ಹೆಸರು ಅಳಿಸಿ ಕೊಡಬಹುದು. ಅದೂ ಆಗದಿದ್ದರೆ ಸಂಸ್ಥೆಯೊಳಗಿನ ಒಂದು ಕಂಪ್ಯೂಟರಿನಲ್ಲಿ ಇಬ್ಬರು ಪರೀಕ್ಷಕರಿಗೆ ತೋರಿಸಬಹುದು. ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆ 2019ರಲ್ಲಿ ದತ್ತಾಂಶ ಮತ್ತು ಕೋಡ್ ಸಲ್ಲಿಕೆಯನ್ನು ಕಡ್ಡಾಯ ಮಾಡಿತು. ನಂತರದ ಲೇಖನಗಳಲ್ಲಿ, ದತ್ತಾಂಶ ಕೈಗೆ ಸಿಕ್ಕ ಕಡೆ, ಶೇ. 95ಕ್ಕೂ ಹೆಚ್ಚಿನವುಗಳ ಫಲಿತಾಂಶ ಮರುಲೆಕ್ಕದಲ್ಲಿ ಪೂರ್ತಿ ಅಥವಾ ಬಹುಪಾಲು ತಾಳೆಯಾಯಿತು. ಮೊದಲು ಸ್ವಇಚ್ಛೆಯಿಂದ ಕಡತ ಕೊಟ್ಟವರಲ್ಲಿ ಹಾಗೆ ತಾಳೆಯಾದದ್ದು ಶೇ. 55 ಮಾತ್ರ.

ಇದು ಹಾರ್ವರ್ಡ್‌ನ ಗಲಾಟೆ, ನಮಗೇಕೆ ಅನ್ನುವಂತಿಲ್ಲ. ಬೆಂಗಳೂರಿನ ಐಐಎಂ ಸೇರಿದಂತೆ ನಮ್ಮ ಸಂಸ್ಥೆಗಳು ಪೈಪೋಟಿ ನಡೆಸುವ ಫೈನಾನ್ಶಿಯಲ್ ಟೈಮ್ಸ್ ರ‍್ಯಾಂಕಿಂಗ್ ಸಂಶೋಧನೆಯನ್ನು ಅಳೆಯುವುದು 50 ಪತ್ರಿಕೆಗಳ ಪಟ್ಟಿ ಹಿಡಿದು. ಅಲ್ಲಿ ಪ್ರಕಟವಾದರೆ ಬಡ್ತಿ, ಕೆಲವೆಡೆ ನಗದು ಬಹುಮಾನ. ಐಐಎಂಗಳು ಕಟ್ಟಿದ್ದು ಸಾರ್ವಜನಿಕರ ಹಣದಲ್ಲಿ, ಸಾರ್ವಜನಿಕರ ಜಮೀನಿನಲ್ಲಿ. ಅಲ್ಲಿ ಸೆಮಿನಾರ್ ಕೊಡಲು ಬರುವವರು ಯಾರೇ ಆಗಲಿ, ವಾರ ಮೊದಲೇ ದತ್ತಾಂಶ ಮತ್ತು ಕೋಡ್ ಕಳಿಸಬೇಕು. ಅದನ್ನು ಪರೀಕ್ಷಿಸುವ ಕೆಲಸಕ್ಕೆ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಬಳ ಕೊಡಬೇಕು, ಮೊದಲ ಪ್ರಶ್ನೆಯ ಹಕ್ಕೂ ಅವರದ್ದಾಗಬೇಕು. ಅವರು ಲಿಖಿತವಾಗಿ ಎತ್ತಿದ ಅನುಮಾನಕ್ಕೆ ಗೈಡ್ ಲಿಖಿತವಾಗಿಯೇ ಉತ್ತರಿಸಬೇಕು, ಎರಡೂ ಕಾಗದಗಳು ಸಂಸ್ಥೆಯ ಕಡತದಲ್ಲಿ ಉಳಿಯಬೇಕು.