ನಮ್ಮ ಕೈಚೀಲವೂ ಕಡಲ ಹಕ್ಕಿಯೂ

ಒಂದು ದಿನ ತರಗತಿಯಲ್ಲಿ ಪ್ಲಾಸ್ಟಿಕ್ ನುಂಗಿ ಸಾಯುವ ಕಡಲ ಹಕ್ಕಿಗಳ ಮಾತು ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಅಕ್ಕಲಕೋಟದಾಗ ಸಮುದ್ರನ ಇಲ್ಲ. ಅಲ್ಲಿ ಹಕ್ಕಿ ಸತ್ತರ ನಾವೇನ ಮಾಡೂದೈತ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಹಕ್ಕಿಯ ಸಂಗತಿ. ಶಾಂತಸಾಗರದ ನಡುವೆ ಮಿಡ್‌ವೇ ಎಂಬ ಸಣ್ಣ ನಡುಗಡ್ಡೆಗಳಿವೆ. ಅಲ್ಲಿ ಪೇಟೆಯಿಲ್ಲ, ಸಂತೆಯಿಲ್ಲ. ಲಕ್ಷಗಟ್ಟಲೆ ಆಲ್ಬಟ್ರಾಸ್ ಹಕ್ಕಿಗಳು ಅಲ್ಲಿ ಮರಿ ಮಾಡುತ್ತವೆ. ತಾಯಿ ತಂದೆ ಹಕ್ಕಿಗಳು ನೂರಾರು ಮೈಲಿ ಹಾರಿ, ನೀರಿನ ಮೇಲೆ ತೇಲುವ ಆಹಾರವನ್ನು ಹೆಕ್ಕಿ ತಂದು ಮರಿಯ ಬಾಯಿಗಿಡುತ್ತವೆ. ಆ ಗುಟುಕಿನಲ್ಲಿ ಬಾಟಲಿಯ ಮುಚ್ಚಳ, ಸಿಗರೇಟು ಲೈಟರು, ಬ್ರಶ್ಶಿನ ತುಂಡು ಸೇರಿರುತ್ತವೆ. ಮರಿಯ ಹೊಟ್ಟೆ ತುಂಬುತ್ತದೆ, ಮೈಗೆ ಮಾತ್ರ ಏನೂ ಹತ್ತುವುದಿಲ್ಲ. ತುಂಬಿದ ಹೊಟ್ಟೆಯಲ್ಲೇ ಅದು ಉಪವಾಸ ಬೀಳುತ್ತದೆ.

ಹಕ್ಕಿ ಮೋಸ ಹೋಗುವುದೇಕೆ? ಬಹುದಿನ ತೇಲಿದ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆಯುತ್ತದೆ. ವಾಸನೆ ಹಿಡಿದು ಆಹಾರ ಹುಡುಕುವ ಕೆಲವು ಜಾತಿಯ ಹಕ್ಕಿಗಳಿಗೆ ಅದು ಆಹಾರದಂತೆಯೇ ನಾರುತ್ತದೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಡಲ ಹಕ್ಕಿಗಳಲ್ಲಿ ನೂರಕ್ಕೆ 90ರಷ್ಟು ಪ್ಲಾಸ್ಟಿಕ್ ತಿಂದಿರಬೇಕೆಂದು 2015ರ ಅಂದಾಜು. ನುಂಗಿದ ಚೂರುಗಳಿಂದ ಹಕ್ಕಿಯ ಜಠರದಲ್ಲಿ ಗಾಯವಾಗಿ ಕಲೆಗಟ್ಟುವ ರೋಗಕ್ಕೆ 2023ರಲ್ಲಿ 'ಪ್ಲಾಸ್ಟಿಕೋಸಿಸ್' ಎಂಬ ಹೆಸರೇ ಬಂತು.

ಇನ್ನು ಹುಡುಗನ ಪ್ರಶ್ನೆ. ಮಿಡ್‌ವೇಯ ಮರಿ ನುಂಗಿದ ಮುಚ್ಚಳ ನಮ್ಮೂರಿನದೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ನೀರು ಹರಿಯುವುದೂ ಕಡಲಿಗೇ. ಅಕ್ಕಲಕೋಟದ ಹಳ್ಳಗಳ ನೀರು ಬೋರಿ ಹೊಳೆಗೆ, ಬೋರಿ ಭೀಮೆಗೆ. ಸೊಲ್ಲಾಪುರದ ಕಡೆಯ ನೀರು ಸೀನಾ ನದಿಗೆ ಸೇರಿ, ಹತ್ತರಸಂಗ ಕೂಡಲದಲ್ಲಿ ಭೀಮೆಯೊಡನೆ ಒಂದಾಗುತ್ತದೆ. ಭೀಮೆ ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡಿದರೆ, ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಲ ಉಪಸಾಗರ ಸೇರುತ್ತಾಳೆ. ದಾರಿಯ ಅಣೆಕಟ್ಟುಗಳಲ್ಲಿ ಬಹಳಷ್ಟು ಕಸ ನಿಲ್ಲುತ್ತದೆ, ನಿಜ. ಆದರೆ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಬಿಸಿಲಿಗೆ ಚೂರು ಚೂರಾಗಿ ಮುಂದೆ ಸಾಗುತ್ತದೆ. ಅಷ್ಟೇ ಅಲ್ಲ, ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಗಳು ನಮ್ಮ ಉಜನಿ ಜಲಾಶಯದ ಹಿನ್ನೀರಿಗೇ ಬಂದಿಳಿಯುತ್ತವೆ. ಸಮುದ್ರ ನಮ್ಮಲ್ಲಿಗೆ ಬರಲಿಲ್ಲ, ಸಮುದ್ರದ ಹಕ್ಕಿ ಬಂತು!

ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಇದೇ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಅವರಿಗೆ ಕೆರೆ ತೋಡುವುದೇ ಪೂಜೆಯಾಗಿತ್ತು. ಸಂಕ್ರಾಂತಿಯ ಜಾತ್ರೆಗೆ ನಾವು ಭಕ್ತಿಯಿಂದ ಹೋಗುತ್ತೇವೆ. ಹೂವು, ಕಾಯಿ, ಮಂಡಕ್ಕಿ ಕಟ್ಟಿಸಿಕೊಂಡ ಚೀಲವನ್ನು ಕೆರೆಯ ದಂಡೆಯಲ್ಲೇ ಬಿಸುಟು ಬರುತ್ತೇವೆ. ಇದು ಎಂಥ ಭಕ್ತಿ?

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರ ಸರಕಾರ 2018ರಲ್ಲೇ ಕ್ಯಾರಿಬ್ಯಾಗು, ಥರ್ಮಾಕೋಲ್ ತಾಟುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ನಿಲ್ಲಿಸಿತು. ಚೀಲ ತಯಾರಿಸುವವರನ್ನು ಸರಕಾರ ಬಿಗಿಯಾಗಿ ಹಿಡಿಯಲೇಬೇಕು. ಆದರೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವನಿಗೆ ದಂಡ ಹಾಕಿ ನಾವು ಪಾರಾದೆವೆಂದು ತಿಳಿಯುವುದು ನ್ಯಾಯವಲ್ಲ. ನಾವು ಬರಿಗೈಯಲ್ಲಿ ಹೋಗಿ ನಿಲ್ಲುತ್ತೇವೆ, ಅದಕ್ಕೇ ಅವಳು ಚೀಲ ಇಡುತ್ತಾಳೆ. ಇಡದಿದ್ದರೆ ಗಿರಾಕಿ ಪಕ್ಕದವಳ ಬಳಿ ಹೋಗುತ್ತಾನೆ. ಸುಳ್ಳೇಕೆ ಹೇಳಬೇಕು? ಹಕ್ಕಿಯ ಪಾಠ ಹೇಳಿದ ಆ ದಿನ ಸಂಜೆ ನಮ್ಮ ಕೈಯಲ್ಲಿಯೂ ಬದನೆಕಾಯಿಯ ಕ್ಯಾರಿಬ್ಯಾಗು ತೂಗುತ್ತಿತ್ತು.

ಸೊಲ್ಲಾಪುರವು ನೇಕಾರರ ಊರು. ಇಲ್ಲಿಯ ಚಾದರ, ಟಾವೆಲ್ಲು ದೇಶವಿದೇಶಗಳಲ್ಲಿ ಹೆಸರಾಗಿವೆ. ಇಂಥ ಊರಿನಲ್ಲಿ ಬಟ್ಟೆಯ ಪಿಶವಿಗೆ ಬರವೇ? ಹಳೆಯ ಚಾದರವೊಂದರಲ್ಲಿ ಮನೆಮಂದಿಗೆಲ್ಲ ಒಂದೊಂದು ಪಿಶವಿ ಹೊಲಿಯಬಹುದು. ಪಾಲಕ ಬಂಧುಗಳೆ, ಅದನ್ನು ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿರಿ. ವಿದ್ಯಾರ್ಥಿಗಳೆ, ಅಪ್ಪ ಸಂತೆಗೆ ಹೊರಟಾಗ ಅದನ್ನು ಅವರ ಕೈಗೆ ಕೊಡುವ ಕೆಲಸ ನಿಮ್ಮದು. ಮರೆತವರಲ್ಲಿ ನಿಮ್ಮ ಗುರುಗಳೂ ಇದ್ದರೆ ಸಂಕೋಚವಿಲ್ಲದೆ ನೆನಪಿಸಿರಿ.

ನಾವೇನು ಮಾಡಬೇಕೆಂದು ಕೇಳಿದ ಆ ಹುಡುಗನಿಗೆ ನಮ್ಮ ಉತ್ತರ ಇದೇ. ಈಗ ನಮ್ಮ ಸೈಕಲ್ಲಿನ ಹ್ಯಾಂಡಲಿಗೆ ಒಂದು ಪಿಶವಿ ಸದಾ ಇರುತ್ತದೆ. ಬೇಕಾದರೆ ಅವನು ಬಂದು ನೋಡಬಹುದು.